ಕಪ್ಪು ಚೆಂಡಿನ ಸದ್ದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ದಪ್ಪಕ್ಷರದಲ್ಲಿ ಬರೆಸಿ, ಕಟ್ಟು ಹಾಕಿಸಿ, ಬಿಲಿಯರ್ಡ್ಸ್ ಹಾಲಿನ ಗೋಡೆಗೆ ತೂಗುಹಾಕಬೇಕೆಂದು ಹಲ್ಲಿನ ಡಾಕ್ಟರು ಒಮ್ಮೆ ಸೂಚಿಸಿದ್ದರು. ಅಕ್ಕ ಒಪ್ಪಲಿಲ್ಲ.

"ಸುಮ್ನೆ ಗೋಡೆಗೆ ಯಾಕೆ ಮೊಳೆ ಹೊಡೀಬೇಕು ಡಾಕ್ಟ್ರೇ? ಗಾದೇನೇ ಎರಡು ಕಾಲಿನ ಮೇಲೆ ಓಡಾಡ್ಕೊಂಡಿದೆಯಲ್ಲ" ಎಂದು ತಮ್ಮನ ಕಡೆ ಗದ್ದ ತೋರಿಸಿದ್ದಳು.

ತಮ್ಮ ಆಗ ಮೇಜಿನ ಮೇಲೆ ಬಗ್ಗಿ, ತಪ್ಪಿಹೋದ ಚೆಂಡನ್ನು ಕೈಗೆತ್ತಿಕೊಂಡು, ಒಂದು ಕಣ್ಣು ಮುಚ್ಚಿ ದೀಪಕ್ಕೆ ಹಿಡಿದಿದ್ದ. ಕೂದಲೆಳೆಯಷ್ಟು ಅಂಡಾಕಾರ ಇದ್ದ ಹಾಗಿತ್ತು. ಅವನಿಗೆ ಯಾವಾಗಲೂ ಇದ್ದ ಹಾಗೇ ಇರುತ್ತಿತ್ತು.

ಹಾಲು ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ನಾಲ್ಕು ಮೇಜು, ಮೇಜಿಗೊಂದು ತಗ್ಗಿಸಿದ ದೀಪ, ಎಲ್ಲದರ ಮೇಲೂ ತೆಳ್ಳಗೆ ನೀಲಿ ಸೀಮೆಸುಣ್ಣದ ಧೂಳು. ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕ ಭಾವನ ಸಂಸಾರ. ಒಗ್ಗರಣೆ ಸಿಡಿದರೆ ಮೂರನೇ ಮೇಜಿನವರಿಗೆ ಸೀನು ಬರುತ್ತಿತ್ತು. ಭಾವ ಮೂಲೆಯಲ್ಲಿ ಕೂತು ಕೋಲಿನ ತುದಿಗೆ ಚರ್ಮ ಅಂಟಿಸುತ್ತಿದ್ದರು. ಅಂಟು ಒಣಗುವ ತನಕ ಮಾತಾಡಬಾರದೆಂಬ ನಿಯಮ ಯಾರೂ ಮಾಡಿರಲಿಲ್ಲವಾದರೂ ಅವರು ಪಾಲಿಸುತ್ತಿದ್ದರು. ತಮ್ಮನ ಪಾಲಿಗೆ ಬಂದದ್ದು ಚೆಂಡು ತೊಳೆಯುವ ಕೆಲಸ. ಅದನ್ನು ಅವನು ಯಾರಿಗಾದರೂ ಹೇಳುವಾಗ 'ಸಲಕರಣೆಯ ಮೇಲ್ವಿಚಾರಣೆ' ಎನ್ನುತ್ತಿದ್ದ. ಉಳಿದವರು ಅವನನ್ನು ಪಂಡಿತ ಎನ್ನುತ್ತಿದ್ದರು. ಮೊದಮೊದಲು ಅದರಲ್ಲಿದ್ದ ಚುಚ್ಚು ಬಳಕೆಯಲ್ಲಿ ಸವೆದುಹೋಗಿ, ಈಗ ಕರೆದರೆ ಸಾಕು, ಏನು ಬೇಕು ಎಂದು ತಿರುಗಿ ನೋಡುತ್ತಿದ್ದ.

ಚೆಂಡುಗಳ ಬಗ್ಗೆ ಪಂಡಿತನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಒಳ್ಳೆಯ ಸೆಟ್ಟು ಫೀನಾಲಿಕ್ ರಾಳದ್ದು, ಅಂದರೆ ರೆಸಿನ್ನಿನದು: ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ, ಮೇಜಿಗೆ ಹೊದಿಸಿದ ಬಟ್ಟೆಯ ಮೇಲೆ ಬಿರುಸಾಗಿ ಉಜ್ಜಿದರೂ ಸುಟ್ಟ ಕಲೆ ಕೂರುವುದಿಲ್ಲ. ವಯಸ್ಸಾದಂತೆ ಬಿಳಿ ಚೂರು ಹಳದಿಗೆ ತಿರುಗುತ್ತದೆ, ಅಷ್ಟೆ. ಅದು ಯಾರಿಗೆ ತಪ್ಪಿದ್ದು? ಪಾಲಿಯೆಸ್ಟರಿನದು ಮೊದಲ ದಿನ ಕನ್ನಡಿಯಂತೆ ಮಿಂಚುತ್ತದೆ, ಆಮೇಲೆ ಮೈತುಂಬ ಗೀರು, ಅಂಚಿನಲ್ಲಿ ಚಕ್ಕೆ. ಎಲ್ಲಕ್ಕಿಂತ ದೊಡ್ಡ ಪಾಪವೆಂದರೆ ಬೆರಕೆ: ಸವೆದ ಚೆಂಡುಗಳ ನಡುವೆ ಹೊಸ ಬಿಳಿ ಚೆಂಡು ತಂದು ಹಾಕುವುದು. ತೂಕ ಬೇರೆ, ಗಾತ್ರ ಬೇರೆ, ತಾಗಿದಾಗ ಜಾರುವ ಬಗೆಯೇ ಬೇರೆ. ಇದನ್ನೆಲ್ಲ ಅವನು ಹಾಲ್ ಮಾಲೀಕರ ಸಂಘದ ತ್ರೈಮಾಸಿಕದಲ್ಲಿ ಬರೆಯುತ್ತಿದ್ದ. ಓದುಗರು ಇಬ್ಬರು. ಒಬ್ಬರು ಸಂಪಾದಕರು, ಇನ್ನೊಬ್ಬನು, ಸಂಚಿಕೆ ಬಂದ ದಿನ ಎರಡು ಸಲ ಓದುವವನು, ಅವನೇ.

ಇಷ್ಟೆಲ್ಲ ಗೊತ್ತಿದ್ದವನಿಗೆ ಒಂದು ಮಾತ್ರ ಬರುತ್ತಿರಲಿಲ್ಲ. ಚೆಂಡನ್ನು ಮೇಜಿನಂಚಿನ ಗುಳಿಗೆ ಬೀಳಿಸುವುದು.

ಏನೇನೂ ಬರುತ್ತಿರಲಿಲ್ಲ ಅನ್ನುವುದು ಅನ್ಯಾಯ. ಬರುತ್ತಿತ್ತು, ಒಂದು ಹಂತದವರೆಗೆ. ಆಮೇಲೆ ಕೈ ತಪ್ಪುತ್ತಿತ್ತು, ಬಾಯಿ ಶುರುವಾಗುತ್ತಿತ್ತು. ಬಟ್ಟೆ ನಿಧಾನ, ಗಾಳಿಯಲ್ಲಿ ತೇವ, ಚೆಂಡಿನ ಗರ್ಭ ನಡುವಿನಲ್ಲಿಲ್ಲ. ಊರಿನ ಹಾಲುಗಳ ನಡುವೆ ಪ್ರತಿವರ್ಷ ನಡೆಯುವ ಲೀಗಿಗೆ ಅಕ್ಕ ನಾಲ್ವರ ತಂಡ ಕಟ್ಟುತ್ತಿದ್ದಳು: ತಾನು, ಹಲ್ಲಿನ ಡಾಕ್ಟರು, ಕೆಳಗಿನ ಟೈರ್ ಅಂಗಡಿಯವನು, ಮತ್ತು ಆ ವರ್ಷ ಸಿಕ್ಕ ಯಾರಾದರೊಬ್ಬ. ಆ ಯಾರಾದರೊಬ್ಬ ತಾನೇಕೆ ಆಗಬಾರದು ಎಂಬುದು ತಮ್ಮನ ಹಳೆಯ ನೋವು. ಒಂದೇ ಒಂದು ಸಲ ಆಡಿಸಿದ್ದಳು. ಅವತ್ತು ಪಂಡಿತ ತೀರ್ಪುಗಾರರ ಮೂಗಿನ ಮುಂದೆ ಅಳತೆಯ ಕ್ಯಾಲಿಪರ್ ಹಿಡಿದು, ತಂಡಕ್ಕೆ ದಂಡದ ಅಂಕ ಬಿದ್ದಿತ್ತು. ಅಂದಿನಿಂದ ಅವನು ಕಾಯ್ದಿಟ್ಟ ಆಟಗಾರ, ಅಂದರೆ ಉಳಿದವರ ಕೋಟು ಹಿಡಿದುಕೊಂಡು ನಿಲ್ಲುವವನು.

ಈ ವರ್ಷ ಹಾಲಿಗೆ ಹೊಸ ಸೆಟ್ಟು ಕೊಳ್ಳುವ ಮಾತು ಬಂತು. ಅವನ ಹಳೆಯ ರಾಗ ಶುರುವಾಗುವ ಮೊದಲೇ ಅಕ್ಕ ಕೈಯೆತ್ತಿದಳು.

"ಒಳ್ಳೆ ಚೆಂಡು ಕೊಟ್ರೆ ಆಡ್ತೀನಿ ಅಂತೀಯಲ್ಲ. ಸರಿ ಕಣೋ. ನೀನೇ ಆರ್ಸು. ಜಗತ್ತಿನಲ್ಲಿ ಯಾವುದು ಒಳ್ಳೇದೋ ಅದನ್ನೇ ಆರ್ಸು. ಅದರಲ್ಲಿ ನನ್ನ ಜೊತೆ ಒಂದು ಆಟ ಆಡು. ಗೆದ್ರೆ ತಂಡದಲ್ಲಿ ಜಾಗ ನಿಂದು. ಸೋತ್ರೆ, ಇರೋ ತನಕ ಚೆಂಡಿನ ಮಾತು ಎತ್ತಬಾರ್ದು."

"ಇರೋ ತನಕ ಅಂದ್ರೆ?"

"ನಾನಿರೋ ತನಕ."

ತಮ್ಮ ಲೆಕ್ಕ ಹಾಕಿದ. ಜಾಗ ಸಿಗದಿದ್ದರೆ ಅಭ್ಯಾಸವಿದೆ. ನೆಪ ಹೋದರೆ ಉಳಿಯುವುದೇನು? ಆದರೆ ಡಾಕ್ಟರು ನೋಡುತ್ತಿದ್ದರು, ಭಾವ ಕೂಡ ಅಂಟಿನ ಬಾಟಲಿ ಕೆಳಗಿಟ್ಟಿದ್ದರು. "ಆಗ್ಲಿ" ಎಂದುಬಿಟ್ಟ.

ಡೀಲರ್ ಮೂರು ಪೆಟ್ಟಿಗೆ ತಂದ. ಕೆಂಪು ಪೆಟ್ಟಿಗೆಯದು ಫೀನಾಲಿಕ್. ನೀಲಿಯದೂ ಫೀನಾಲಿಕ್, ಬೇರೆ ತಯಾರಿಯದಂತೆ. ಹಳದಿಯದು ಮೇಲ್ದರ್ಜೆಯ ಪಾಲಿಯೆಸ್ಟರ್. ಯಾವ ಚೆಂಡಿನ ಮೇಲೂ ಕಂಪನಿಯ ಮುದ್ರೆ ಇರಲಿಲ್ಲ, ಅಂಕಿ ಮತ್ತು ಬಣ್ಣ ಅಷ್ಟೆ; ಹಾಗೇ ಇರಬೇಕೆಂದು ಪಂಡಿತನೇ ಹಟ ಹಿಡಿದು ಮಾದರಿ ಸೆಟ್ಟು ತರಿಸಿದ್ದ.

"ಹೆಸರು ನೋಡಿ ಮೋಸಹೋಗೋನಲ್ಲ ನಾನು" ಎಂದಿದ್ದ ಡೀಲರಿಗೆ. "ನನಗೆ ಕಿವಿ ಸಾಕು. ಒಂದಕ್ಕೊಂದು ತಾಗಿಸಿ, ಕಣ್ಣು ಮುಚ್ಕೊಂಡು ಹೇಳ್ತೀನಿ."

"ಗೊತ್ತು ಸಾರ್, ತಮ್ಮಂಥೋರು ಅಪರೂಪ" ಎಂದು ಡೀಲರ್ ಕೈಮುಗಿದ. ಅವನು ಎಲ್ಲರಿಗೂ ಹಾಗೆ ಕೈಮುಗಿಯುತ್ತಾನೆಂಬುದು ಪಂಡಿತನಿಗೂ ಗೊತ್ತಿತ್ತು. ಆದರೂ ಆ ಮಾತು ಎದೆಯಲ್ಲಿ ಬೆಚ್ಚಗೆ ಕೂತಿತು.

ಮುಂದಿನ ಕೆಲವು ದಿನ ಮನೆಯಲ್ಲಿ ಚೆಂಡಿನದೇ ಕಾರುಬಾರು. ಅಡುಗೆಮನೆಯ ತಕ್ಕಡಿ ಸಲಕರಣೆಯಾಯಿತು. ಊಟದ ಮೇಜಿನ ಗಾಜಿನ ಮೇಲೆ ಒಂದೊಂದೇ ಚೆಂಡು ಉರುಳಿಸಿ, ಯಾವುದು ಓರೆಯಾಗಿ ವಾಲುತ್ತದೆಂದು ನೋಡಿದ. ಒಂದೂ ವಾಲಲಿಲ್ಲ. ಅದು ಅವನಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ತೂಕ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಆದರೂ ಕೆಂಪು ಮತ್ತು ನೀಲಿ ಪೆಟ್ಟಿಗೆಗಳ ವ್ಯತ್ಯಾಸದ ಮೇಲೆ ಎರಡು ಪುಟ ಬರೆದ. ಕೆಂಪಿನ ನಾದದಲ್ಲಿ 'ಗಾಂಭೀರ್ಯ' ಇದೆಯೆಂದೂ ನೀಲಿಯದು 'ಚೂರು ವಾಚಾಳಿ' ಎಂದೂ ಬರೆದು, ವಾಚಾಳಿ ಎಂಬ ಪದಕ್ಕೆ ತಾನೇ ತಲೆದೂಗಿದ.

"ಏನೋ ಅದು, ಹೆಣ್ಣು ನೋಡೋಕೆ ಹೋದ ಹಾಗೆ ಬರ್ದಿದೀಯ" ಎಂದಳು ಅಕ್ಕ, ಭುಜದ ಮೇಲಿಂದ ಇಣುಕಿ. "ನನ್ನ ತಕ್ಕಡಿ ಎಲ್ಲಿ? ಆಟ ಯಾವಾಗ?"

"ಹೋಲಿಕೆ ಇನ್ನೂ ಮುಗಿದಿಲ್ಲ."

"ನಿಂಗೆ ಮುಗಿಸೋ ಮನಸ್ಸಿಲ್ಲ. ನಾಳೆ ಸಂಜೆ ಆಟ. ಡಾಕ್ಟ್ರಿಗೂ ಹೇಳಿದೀನಿ."

ಮರುದಿನ ಮಧ್ಯಾಹ್ನ ಅವನು ಚೆಂಡು ತೊಳೆಯಲು ಕೂತ. ಆ ಹಾಲಿನ ರೂಢಿ ಅದು: ಪಂದ್ಯಕ್ಕೆ ಮೊದಲು ಉಗುರುಬೆಚ್ಚಗಿನ ನೀರು, ಒಂದಿಷ್ಟು ಸೋಪು, ದೊಡ್ಡ ಬಕೆಟ್ಟು, ತೊಳೆದು ಟವೆಲಿನ ಮೇಲೆ ಹರಡಿ ಒಣಗಿಸಬೇಕು. ಮೂರೂ ಸೆಟ್ಟಿನ ಮೇಲೆ ಕಾರ್ಖಾನೆಯ ಎಣ್ಣೆ ಜಿಡ್ಡು ಇನ್ನೂ ಇತ್ತು. ಅದು ಹೋಗದೆ ಹೋಲಿಕೆ ನ್ಯಾಯವಾಗುವುದಿಲ್ಲ. ಕೆಂಪು ಪೆಟ್ಟಿಗೆಯನ್ನು ಬಕೆಟ್ಟಿಗೆ ಸುರಿದ. ಕೈ ಚೆಂಡು ತಿರುವುತ್ತಿತ್ತು, ತಲೆ ತ್ರೈಮಾಸಿಕದ ಲೇಖನದ ಕೊನೆಯ ವಾಕ್ಯ ಕಟ್ಟುತ್ತಿತ್ತು: 'ಬೇರೆ ಬೇರೆ ಸೆಟ್ಟಿನ ಚೆಂಡುಗಳನ್ನು ಬೆರೆಸುವವನು ಆಟಗಾರನಲ್ಲ, ಅನಾಗರಿಕ.' ಅನಾಗರಿಕ ಚೂರು ಹೆಚ್ಚಾಯಿತೇನೋ. ಅವಿವೇಕಿ? ನೀಲಿ ಪೆಟ್ಟಿಗೆಯ ಮುಚ್ಚಳ ತೆಗೆದ. ಅವಿವೇಕಿಯಲ್ಲಿ ಭಾರವಿಲ್ಲ. ಹಳದಿ ಪೆಟ್ಟಿಗೆಯ ಮುಚ್ಚಳ ತೆಗೆದ. ಕೊನೆಗೆ 'ಕೈಲಾಗದವನು' ಎಂಬ ಪದ ಹೊಳೆದು, ಎಷ್ಟು ಸರಿಯಾಗಿದೆ ಎಂದು ಸಂತೋಷಪಟ್ಟು ಕೆಳಗೆ ನೋಡಿದ.

ಬಕೆಟ್ಟು ತುಂಬಿತ್ತು. ನೊರೆಯ ನಡುವಿನಿಂದ ಮೂರು ಬಿಳಿ ಚೆಂಡುಗಳು ಮೂರು ಬೋಳು ತಲೆಗಳಂತೆ ಅವನನ್ನು ನೋಡುತ್ತಿದ್ದವು. ಖಾಲಿ ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು.

ಪೆಟ್ಟಿಗೆಗಳನ್ನು ಒಂದೊಂದಾಗಿ ಬೋರಲು ಹಾಕಿ ನೋಡಿದ. ಆಮೇಲೆ, ಗಾಬರಿಯಾಗುವುದೇಕೆ, ನಾನು ಪಂಡಿತನಲ್ಲವೇ ಅನ್ನಿಸಿತು.

ಒರೆಸಿ ಟವೆಲಿನ ಮೇಲೆ ಹರಡಿದ. ಮೂಸಿ ನೋಡಿದ, ಫೀನಾಲಿಕ್ಕನ್ನು ಉಜ್ಜಿದರೆ ಆಸ್ಪತ್ರೆಯ ವಾಸನೆ ಬರುತ್ತದೆಂದು ಎಲ್ಲೋ ಬರೆದಿದ್ದ. ಎಲ್ಲದಕ್ಕೂ ನಿಂಬೆ ಸೋಪಿನ ವಾಸನೆ. ತಕ್ಕಡಿ ತರೋಣವೆಂದರೆ ಅದರಲ್ಲಿ ಅಕ್ಕ ಹಿಟ್ಟು ತೂಗುತ್ತಿದ್ದಳು. ತಂದರೂ ಪ್ರಯೋಜನವಿಲ್ಲವೆಂದು ಅವನ ಲೇಖನವೇ ಹೇಳುತ್ತಿತ್ತು. ಒಂದಕ್ಕೊಂದು ತಾಗಿಸಿದ. ಟಿಕ್. ಇನ್ನೊಂದು. ಟಿಕ್. ಗಾಂಭೀರ್ಯವೂ ಇಲ್ಲ, ವಾಚಾಳಿತನವೂ ಇಲ್ಲ. ಕೆಳಗೆ ಟೈರ್ ಅಂಗಡಿಯಲ್ಲಿ ಯಾರೋ ಸುತ್ತಿಗೆ ಬಡಿಯುತ್ತಿದ್ದರು. ಮುತ್ತನ್ನು ಹಲ್ಲಿಗೆ ಉಜ್ಜಿ ಅಸಲಿಯೋ ನಕಲಿಯೋ ಹೇಳುತ್ತಾರಲ್ಲ ಎಂಬುದು ನೆನಪಾಗಿ, ಒಂಬತ್ತನೇ ನಂಬರಿನ ಚೆಂಡನ್ನು ಮುಂದಿನ ಹಲ್ಲಿಗೆ ಒತ್ತಿ ಮೆಲ್ಲಗೆ ಉಜ್ಜಿದ.

"ಹಸಿವಾಗಿದ್ರೆ ಹೇಳ್ಬಾರ್ದೇನೋ ಪಂಡಿತ?"

ಬಾಗಿಲಲ್ಲಿ ಹಲ್ಲಿನ ಡಾಕ್ಟರು.

"ಅಲ್ಲ ಡಾಕ್ಟ್ರೇ, ಇದು... ಮೇಲ್ಮೈ ಪರೀಕ್ಷೆ."

"ಪರೀಕ್ಷೆ ಮಾಡು, ಬೇಡ ಅನ್ನಲ್ಲ. ಆ ಹಲ್ಲು ನಾನು ಕಟ್ಟಿದ್ದು, ಅದೂ ರೆಸಿನ್ನೇ. ಚೆಂಡು ಹೆಚ್ಚೋ ಹಲ್ಲು ಹೆಚ್ಚೋ ಅಂತ ಇವತ್ತೇ ಗೊತ್ತಾಗೋದು ಬೇಡ." ಡಾಕ್ಟರು ಕೋಟು ತೂಗುಹಾಕುತ್ತ ಒಳಗೆ ಕೂಗಿದರು: "ಏನಮ್ಮಾ, ನಿನ್ನ ತಮ್ಮ ಚೆಂಡು ತಿಂತಿದಾನೆ!"

ಇನ್ನು ಹೊತ್ತಿರಲಿಲ್ಲ. ಕಣ್ಣಿಗೆ ಚೆಂದ ಕಂಡದ್ದನ್ನು ಕೆಂಪು ಪೆಟ್ಟಿಗೆಗೆ, ಉಳಿದದ್ದನ್ನು ಉಳಿದೆರಡಕ್ಕೆ ತುಂಬಿದ. ಅಂಕಿಗಳು ಸರಿಯಾಗಿದ್ದವು. ಜಾತಿ ಆ ದೇವರೇ ಬಲ್ಲ.

ಸಂಜೆ ಮೊದಲ ಮೇಜಿನ ದೀಪ ಹಾಕಿದರು. ತಾನು ಆರಿಸಿದ್ದು ಇದೇ ಎಂದು ಪಂಡಿತ ಕೆಂಪು ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದ. ಡಾಕ್ಟರು ಮತ್ತು ಭಾವ ಒಂದು ಕಪ್ ಕಾಫಿಯ ಪಣ ಕಟ್ಟಿದ್ದರು: ಸೋತಮೇಲೆ ಪಂಡಿತ ಬಟ್ಟೆಯನ್ನು ಬೈಯುತ್ತಾನೆಂದು ಡಾಕ್ಟರು, ಚೆಂಡನ್ನೇ ಬೈಯುತ್ತಾನೆಂದು ಭಾವ. ಗೆದ್ದರೆ ಏನೆಂದು ಇಬ್ಬರೂ ಯೋಚಿಸಿರಲಿಲ್ಲ.

ಆಟ ಸರಳ. ಗೆರೆಯ ಏಳು ಚೆಂಡು ಒಬ್ಬರಿಗೆ, ತುಂಬುಬಣ್ಣದ ಏಳು ಇನ್ನೊಬ್ಬರಿಗೆ. ತಮ್ಮ ಏಳನ್ನು ಬೀಳಿಸಿ ಕೊನೆಗೆ ಕಪ್ಪನ್ನು ಬೀಳಿಸಿದವರು ಗೆದ್ದರು. ಅಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲ ಹೊಡೆತ ಹೊಡೆದಳು. ಅವಳ ಆಟಕ್ಕೆ ಅಲಂಕಾರವಿಲ್ಲ. ಸೊಪ್ಪು ಬಿಡಿಸಿದಂತೆ ಒಂದೊಂದೇ ತೆಗೆದು ಪಕ್ಕಕ್ಕಿಡುತ್ತಾಳೆ.

ಅವನ ಸರದಿ ಬಂತು. ಮೊದಲನೆಯದು ಬಿತ್ತು, ಎರಡನೆಯದು ತಪ್ಪಿತು. ಬಾಯಿ ತಾನಾಗಿ ತೆರೆಯಿತು. 'ಈ ಚೆಂಡು' ಎಂಬಷ್ಟರಲ್ಲಿ ನಾಲಿಗೆ ಕಚ್ಚಿಕೊಂಡ. ಏನು ಹೇಳುವುದು? ಚೆಂಡು ಸರಿಯಿಲ್ಲವೆಂದರೆ, ಆರಿಸಿದವನು ನೀನೇ ಅನ್ನುತ್ತಾಳೆ. ಬೆರಕೆ ಎಂದರೆ, ಬೆರೆಸಿದವನು ಯಾರು ಅನ್ನುತ್ತಾಳೆ. ಬಟ್ಟೆಯೆಂದರೆ ಡಾಕ್ಟರಿಗೆ ಕಾಫಿ. ಕೆಮ್ಮಿ ಸುಮ್ಮನಾದ. ಡಾಕ್ಟರು ಭಾವನ ಮುಖ ನೋಡಿದರು.

ಮುಂದೆ ನಡೆದದ್ದು ಅವನಿಗೇ ಅರ್ಥವಾಗಲಿಲ್ಲ. ಬಾಯಿಗೆ ಕೆಲಸವಿಲ್ಲದ್ದರಿಂದಲೋ ಏನೋ, ಕಣ್ಣು ಕೆಲಸಕ್ಕೆ ಇಳಿಯಿತು. ಹೊಡೆಯುವ ಮೊದಲೇ, ತಪ್ಪಿದರೆ ಏನು ಹೇಳುವುದೆಂದು ಹೊಂದಿಸಿಕೊಳ್ಳುವ ತಾಪತ್ರಯ ಇರಲಿಲ್ಲ. ನಾಲ್ಕು ಚೆಂಡು ಒಂದರ ಹಿಂದೊಂದು ಬಿದ್ದವು. ಅಕ್ಕ ಒಂದು ತಪ್ಪಿದಳು. ಇನ್ನೆರಡು ಬಿದ್ದವು. ಭಾವ ಅಂಟು ಹಚ್ಚಿದ ಕೋಲನ್ನು ಹಿಡಿದುಕೊಂಡೇ ಎದ್ದು ಬಂದರು, ಅದು ಅವರ ಅಂಗಿಗೆ ಅಂಟಿತು. ಕೊನೆಗೆ ಮೇಜಿನ ಮೇಲೆ ಅಕ್ಕನದೊಂದು, ಅವನದು ಒಂದೂ ಇಲ್ಲ, ಮತ್ತೆ ಕಪ್ಪು.

ಕಪ್ಪು ಮೂಲೆಯ ಗುಳಿಯಿಂದ ಒಂದು ಗೇಣು ದೂರದಲ್ಲಿತ್ತು. ತೆಳ್ಳಗೆ ಸವರಿದರೆ ಸಾಕು. ಎಷ್ಟು ಸಲ ತಪ್ಪಿದ ಹೊಡೆತವೋ ಅದು. ಆದರೆ ಈ ಸಲ ಅವನು ಸರಿಯಾಗಿ ನೋಡಿದ, ಸರಿಯಾಗಿ ಬಗ್ಗಿದ, ಸರಿಯಾಗಿ ಹೊಡೆದ. ಬಿಳಿ ಹೋಗಿ ಕಪ್ಪಿಗೆ ತಾಗಿತು.

ಟಪ್.

ಟಿಕ್ ಅಲ್ಲ. ಒದ್ದೆ ಹಲಗೆಗೆ ಬೆರಳಿನ ಗಿಣ್ಣು ಬಡಿದಂಥ, ಮೊಂಡು ಸದ್ದು. ಕಪ್ಪು ಚೂರೇ ಚೂರು ಬಿಳಿಗೆ ಅಂಟಿದಂತಾಗಿ, ಕೂದಲೆಳೆಯಷ್ಟು ಓರೆಗೆ ಸರಿದು, ಗುಳಿಯ ಒಂದು ದವಡೆಗೆ ಬಡಿದು, ಇನ್ನೊಂದು ದವಡೆಗೆ ಬಡಿದು, ಬಾಯಲ್ಲೇ ನಿಂತಿತು.

ಅವನ ಮೈ ಜುಮ್ಮೆಂದಿತು. ಕೇಳಿಸಿತ್ತು! ಇಷ್ಟು ವರ್ಷ ಕೇಳಿಸುತ್ತದೆ ಎಂದು ಬರೆದದ್ದು, ಭಾಷಣ ಮಾಡಿದ್ದು, ಒಳಗೊಳಗೇ ಬೊಗಳೆಯಿರಬಹುದೆಂದು ಅಂಜಿದ್ದು, ಈಗ ನಿಜವಾಗಿ ಕೇಳಿಸಿತ್ತು. ಕಪ್ಪು ಹಳದಿ ಪೆಟ್ಟಿಗೆಯದು, ಬಿಳಿ ಅಲ್ಲ. ಜೀವನದಲ್ಲಿ ಮೊದಲ ಬಾರಿ ನೆಲ ನಿಜವಾಗಿ ಡೊಂಕಾಗಿತ್ತು. ಅದನ್ನು ಡೊಂಕು ಮಾಡಿದವನು ಅವನೇ.

ಅಕ್ಕ ತನ್ನ ಕೊನೆಯದನ್ನು ತೆಗೆದಳು, ಗುಳಿಯ ಬಾಯಲ್ಲಿದ್ದ ಕಪ್ಪನ್ನು ಮಗುವಿನ ಮೂಗು ಒರೆಸಿದಷ್ಟು ಸುಲಭವಾಗಿ ಒಳಗೆ ತಳ್ಳಿದಳು. ಕೋಲನ್ನು ನೆಲಕ್ಕೂರಿ ತಿರುಗಿದಳು.

"ಹೂಂ, ಹೇಳು. ಏನಾಯ್ತು ಚೆಂಡಿಗೆ?"

ಡಾಕ್ಟರು ಮುಂದೆ ಬಗ್ಗಿದರು. ಭಾವ ಕಿವಿ ನಿಮಿರಿಸಿದರು. ಅವನು ಗುಳಿಯೊಳಗಿನ ಕಪ್ಪನ್ನು ಎತ್ತಿ ಮೇಜಿನ ಮೇಲಿಟ್ಟ.

"ಚೆಂಡಿಗೇನೂ ಆಗಿಲ್ಲ" ಎಂದ. "ನಾನೇ ತಪ್ಪಿದೆ."

ಯಾರೂ ನಗಲಿಲ್ಲ. ಅಕ್ಕ ಅವನನ್ನೇ ನೋಡಿದಳು. ಜ್ವರ ಇದೆಯೇ ಎಂದು ನೋಡುವಂತೆ.

"ಇನ್ನೊಂದ್ಸಲ ಹೇಳು."

"ನಾನೇ ತಪ್ಪಿದೆ ಅಂದ್ನಲ್ಲ. ಕೈ ತಪ್ತು."

"ಆಯ್ತು" ಎಂದಳು, ನಿಧಾನವಾಗಿ. "ನಾಲ್ಕನೆಯವನು ನೀನೇ. ನಾಲ್ಕನೇ ಆಟ ಹ್ಯಾಗೂ ಸೋಲ್ತೀವಿ ಕಣೋ. ಸೋತಮೇಲೆ ಬಾಯಿ ಮುಚ್ಕೊಂಡು ಬರೋನು ಬೇಕಿತ್ತು ನಂಗೆ. ಡಾಕ್ಟ್ರೇ, ಕೆಂಪು ಪೆಟ್ಟಿಗೇನೇ ತಗೊಂಡುಬಿಡೋಣ. ಬೆಳಗ್ಗೆ ಡೀಲರ್ ಬರ್ತಾನೆ."

ಹೀಗೆ, ಸತ್ಯದಂತೆ ಕೇಳಿಸಿದ ಒಂದು ಸುಳ್ಳಿನಿಂದ, ಅವನು ಬಯಸಿದ್ದು ಕೈಗೆ ಬಂತು. ನಾಲಿಗೆ ಮಾತ್ರ ಬಾಯಲ್ಲಿ ಸುಮ್ಮನಿರದೆ ಹೊರಳಾಡುತ್ತಿತ್ತು.

ಬೆಳಗ್ಗೆ ಅಕ್ಕ ಕಸ ಗುಡಿಸಲು ಬಂದಾಗ ತಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಸುತ್ತಲೂ ಚೆಂಡು. ನಿನ್ನೆಯ ಬಿಳಿಯನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೊಂದಕ್ಕೇ ತಾಗಿಸುತ್ತಿದ್ದ. ಟಿಕ್, ಎಡಕ್ಕೆ. ಟಪ್, ಬಲಕ್ಕೆ.

ಅವಳು ಪೊರಕೆ ಹಿಡಿದು ನಿಂತಳು. ಅವಳಿಗೆ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಬೆರೆಸಿಬಿಟ್ಟೆಯಾ?"

ತಲೆಯಾಡಿಸಿದ.

"ಮೂರೂ?"

"ಒಂದೇ ಬಕೆಟ್ಟಿಗೆ."

ಅಕ್ಕ ಮೊದಲು ಗೋಡೆಗೆ ಒರಗಿದಳು, ಆಮೇಲೆ ಕೂತಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳ ನಗು ನಿಲ್ಲುವ ತನಕ ಅವನು ಕಾದ. ಈಗ ಸುಮ್ಮನಿದ್ದರೆ ಜಾಗ ಉಳಿಯುತ್ತದೆಂದು ಗೊತ್ತಿತ್ತು. ಸುಮ್ಮನಿರುವುದು ಪ್ರಾಮಾಣಿಕತೆಗೆ ವಿರುದ್ಧ ಎಂದೇನೂ ಅವನಿಗೆ ಅನ್ನಿಸಲಿಲ್ಲ. ತನಗೆ ಕೇಳಿಸಿತೆಂಬುದು ಯಾರಿಗೂ ಗೊತ್ತಾಗದೇ ಹೋಗುತ್ತದಲ್ಲ, ಅದನ್ನು ತಡೆಯಲಾಗಲಿಲ್ಲ.

"ನಿನ್ನೆ ಕಪ್ಪು ಹಳದಿ ಪೆಟ್ಟಿಗೇದಿತ್ತು ಅಕ್ಕ. ಅದಕ್ಕೇ ತಪ್ತು. ಆಣೆಗೂ ಚೆಂಡಿನ ತಪ್ಪು."

ನಗು ನಿಂತಿತು. "ಅಯ್ಯೋ ನಿನ್ನ. ಒಂದು ರಾತ್ರಿನೂ ತಡ್ಕೊಳ್ಳೋಕಾಗ್ಲಿಲ್ವಾ?"

"ಬೇಕಾದ್ರೆ ಪರೀಕ್ಷೆ ಮಾಡು."

ಮಾಡಿದಳು. ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆನ್ನ ಹಿಂದೆ ಚೆಂಡು ತಾಗಿಸಿದಳು. ಫೀನಾಲಿಕ್. ಪಾಲಿಯೆಸ್ಟರ್. ಪಾಲಿಯೆಸ್ಟರ್. ತನಗಿಷ್ಟ ಬಂದ ಹಾಗೆ ಕಲಸಿ ಮತ್ತೆ ತಾಗಿಸಿದಳು, ತಪ್ಪಲಿಲ್ಲ. ಅವಳು ಮೊದಲ ಸಲ ಅವನ ಕಿವಿಯನ್ನು, ಅದು ನಿಜವಾಗಿ ತಲೆಗೆ ಅಂಟಿದೆಯೇ ಎಂಬಂತೆ, ನೋಡಿದಳು.

"ಸರಿ. ಇನ್ನು ಕೆಂಪು ಯಾವುದು, ನೀಲಿ ಯಾವುದು ಹೇಳು."

ಅವನು ಗೋಡೆಯ ಸುಣ್ಣ ಉಗುರಿನಿಂದ ಕೆರೆದ. "ಅದು... ಅವೆರಡರ ನಡುವೆ ನಂಗೇನೂ ಕೇಳಿಸ್ತಿಲ್ಲ."

"ಗಾಂಭೀರ್ಯ?"

"ಇಲ್ಲ."

"ವಾಚಾಳಿ?"

"ಅಕ್ಕಾ, ಬಿಡೇ."

ಡೀಲರ್ ಬಂದಾಗ ಅಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು: ತಪ್ಪಾಗಿದೆ, ಕೆಂಪು ನೀಲಿ ಬೆರೆತಿವೆ, ಏನು ಮಾಡೋಣ. ಡೀಲರ್ ರಾಶಿಯನ್ನು ನೋಡಿದ, ಬಾಗಿಲ ಕಡೆ ನೋಡಿದ, ತಲೆ ಕೆರೆದುಕೊಂಡ.

"ತಲೆ ಕೆಡಿಸ್ಕೋಬೇಡಿ ಮೇಡಂ. ಎರಡೂ ಒಂದೇ ಅಚ್ಚಿಂದು. ಪೆಟ್ಟಿಗೆ ಮಾತ್ರ ಬೇರೆ. ತಮ್ಮಂಥೋರಿಗೆ ಹೋಲಿಸೋಕೆ ಏನಾದ್ರೂ ಇರ್ಲಿ ಅಂತ..." ಎಂದು ಪಂಡಿತನಿಗೆ ಕೈಮುಗಿದ.

ಎರಡು ಪುಟ. ಅಷ್ಟರಲ್ಲಾಗಲೇ ಸಂಪಾದಕರಿಗೆ ಹೋಗಿತ್ತು.

ಡೀಲರ್ ಇಳಿದುಹೋದ ಮೇಲೆ ಅವನು ಕೇಳಲೋ ಬೇಡವೋ ಎಂದು ನಿಂತ. ಅಕ್ಕ ಮತ್ತೆ ಪೊರಕೆ ಹಿಡಿದಿದ್ದಳು.

"ಹಾಗಾದ್ರೆ... ನನ್ನ ಜಾಗ?"

"ಮೊದಲನೇ ಪಂದ್ಯ ಎಲ್ಲಿ ಗೊತ್ತಾ? ರೈಲ್ವೆ ಗೇಟಿನ ಹತ್ರದ ಹಳೇ ಹಾಲು. ಅಲ್ಲಿ ಚೆಂಡು ಎಲ್ಲಾ ಬೆರಕೆ, ಹದಿನಾರಕ್ಕೆ ಹದಿನಾರು ಜಾತಿ." ಕಸವನ್ನು ಮೂಲೆಗೆ ತಳ್ಳಿದಳು. "ನಮ್ಮಲ್ಲಿ ಅಂಥದ್ರಲ್ಲಿ ಆಡಿ ಅಭ್ಯಾಸ ಇರೋನು ನೀನೊಬ್ನೇ. ಕಪ್ಪಿನವರೆಗೂ ಬಂದಿದ್ದೆ. ಜಾಗ ಇರ್ಲಿ. ಬಕೆಟ್ಟು ಮಾತ್ರ ಇನ್ಮೇಲೆ ನಿನ್ನ ಭಾವಂದು."

ಮೂಲೆಯಿಂದ ಭಾವ ಮಾತಾಡಿದರು. ಅಂಟು ಒಣಗಿರಬೇಕು.

"ಕಾಫಿ ನಂಗೆ ಬರ್ಬೇಕು. ಕೊನೇಗೂ ಚೆಂಡಂತಲೇ ಅಂದ."

ಪಂಡಿತನ ಮುಖ ಅರಳಿತು. ಕೋಲು ತೆಗೆದುಕೊಂಡು ತುದಿಗೆ ಸೀಮೆಸುಣ್ಣ ಉಜ್ಜಿದ. ರೈಲ್ವೆ ಗೇಟಿನ ಹಾಲನ್ನು ಅವನು ಒಮ್ಮೆ ನೋಡಿದ್ದ. ರೈಲು ಹೋದಾಗಲೆಲ್ಲ ನೆಲ ನಡುಗುತ್ತದೆ.

"ಅಕ್ಕ, ಅಲ್ಲಿ ಚೆಂಡು ಏನೋ ಸರಿ" ಎಂದ. "ಆದ್ರೆ ಆ ನೆಲ ಇದೆಯಲ್ಲ..."

ಅಕ್ಕ ಪೊರಕೆ ಎತ್ತಿದಳು.